ಹಳೆ ನಾಣ್ಯ, ನೋಟು ಕೊಂಡು ಮೋಸ ಹೋದಾಗ ಹಣ ವಾಪಸ್ ಪಡೆಯುವುದು ಹೇಗೆ

ನಾಣ್ಯ ನಕಲಿ ಎಂದು ಗೊತ್ತಾದ ಕೂಡಲೇ ಹೆಚ್ಚಿನವರು ಮಾರಿದವನಿಗೆ ಫೋನ್ ಮಾಡಿ ಜಗಳಕ್ಕೆ ಇಳಿಯುತ್ತಾರೆ. ಆ ಫೋನನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ಅವನು ಮೋಸಗಾರನೇ ಆಗಿದ್ದರೆ ನಿಮ್ಮ ಕರೆ ಅವನಿಗೆ ಎಚ್ಚರಿಕೆಯ ಗಂಟೆಯಾಗುತ್ತದೆ. ಖಾತೆಯಲ್ಲಿದ್ದ ಹಣ ಬೇರೆಡೆಗೆ ಹೋಗುತ್ತದೆ, ಪ್ರೊಫೈಲ್ ಮಾಯವಾಗುತ್ತದೆ, ನಿಮ್ಮ ನಂಬರ್ ಬ್ಲಾಕ್ ಆಗುತ್ತದೆ.

ಅಂಗಡಿಯಿಲ್ಲದ, ಬಿಲ್ಲಿಲ್ಲದ ಖಾಸಗಿ ವ್ಯವಹಾರದಲ್ಲಿ ಹಣ ವಾಪಸ್ ಬರುತ್ತದೋ ಇಲ್ಲವೋ ಎಂಬುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ. ಹಣ ಯಾವ ದಾರಿಯಲ್ಲಿ ಹೋಯಿತು, ಹಣ ಕೊಡುವ ಮೊದಲು ಮಾರುವವನು ನಿಮಗೆ ಏನು ಹೇಳಿದ. ವಸ್ತು ಎಷ್ಟು ಕೆಟ್ಟದಾಗಿದೆ ಎಂಬುದು ಆಮೇಲಿನ ಮಾತು.

ಮೊದಲ ಗಂಟೆಯ ಕೆಲಸ

ವಾಟ್ಸ್‌ಆ್ಯಪ್ ಮಾತುಕತೆಯನ್ನು ಫೋಟೊಗಳ ಸಮೇತ ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಸ್ಕ್ರೀನ್‌ಶಾಟ್‌ನಲ್ಲಿ ಹೆಸರಷ್ಟೇ ಇದ್ದರೆ ಸಾಲದು. ಹೆಸರು ನೀವು ಸೇವ್ ಮಾಡಿಕೊಂಡದ್ದು, ಆದ್ದರಿಂದ ಫೋನ್ ನಂಬರ್ ಕಾಣುವಂತೆ ಕಾಂಟ್ಯಾಕ್ಟ್ ಪುಟದ್ದೂ ಒಂದು ತೆಗೆಯಿರಿ. ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಆದರೆ ಪ್ರೊಫೈಲ್ ಲಿಂಕ್, ಜಾಹೀರಾತು ಹಾಕಿದ್ದ ಪೋಸ್ಟ್‌ನ ಲಿಂಕ್, ಅವನು ಮಾರಾಟಕ್ಕಿಟ್ಟ ಬೇರೆ ವಸ್ತುಗಳು, ಎಲ್ಲವನ್ನೂ ಉಳಿಸಿ. ಆ ಬೇರೆ ವಸ್ತುಗಳ ಪಟ್ಟಿ ಮುಂದೆ ಗ್ರಾಹಕ ಆಯೋಗದಲ್ಲಿ ಕೆಲಸಕ್ಕೆ ಬರುತ್ತದೆ.

ಹಣ ಕಳಿಸಿದ ದಾಖಲೆಯಲ್ಲಿ ಯುಪಿಐ ಐಡಿ, ಕಳಿಸುವಾಗ ಪರದೆಯಲ್ಲಿ ಬಂದ ಖಾತೆದಾರನ ಹೆಸರು ಮತ್ತು 12 ಅಂಕಿಯ ವ್ಯವಹಾರ ಸಂಖ್ಯೆ ಬೇಕು. ಆ ಹೆಸರು ಮಾರಿದವನ ಹೆಸರಿಗೆ ಹೊಂದದಿದ್ದರೆ ಅದು ಬಾಡಿಗೆ ಖಾತೆ, ಅಂದರೆ ಮೋಸದ ಹಣ ಹಾಕಿಸಿಕೊಳ್ಳಲು ಬಳಸುವ ಬೇರೊಬ್ಬರ ಖಾತೆ, ಇರಬಹುದು. ಇದನ್ನು ದೂರಿನಲ್ಲಿ ಬರೆಯಲೇಬೇಕು. ಪಾರ್ಸೆಲ್ ಬಂದಿದ್ದರೆ ಹೊರಗಿನ ಕವರ್, ಬಾರ್‌ಕೋಡ್, ಬುಕಿಂಗ್ ಕಚೇರಿಯ ಹೆಸರು ಎಸೆಯಬೇಡಿ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿ ತೂಕ ಅಚ್ಚಾಗಿರುತ್ತದೆ. ಐವತ್ತು ಬೆಳ್ಳಿ ರೂಪಾಯಿ ಎಂದು ಹೇಳಿ 60 ಗ್ರಾಂ ಪೊಟ್ಟಣ ಕಳಿಸಿದ್ದರೆ, ಐವತ್ತು ನಾಣ್ಯಕ್ಕೇ 583 ಗ್ರಾಂ ಆಗಬೇಕಿತ್ತು ಎಂಬ ಒಂದು ಲೆಕ್ಕ ಹತ್ತು ಸಾಕ್ಷಿಗಳಿಗೆ ಸಮ.

ಆನ್‌ಲೈನ್ ಮೂಲಕ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಜಾಲತಾಣದಲ್ಲೂ ದೂರು ದಾಖಲಿಸಬಹುದು. ದೂರು ಬ್ಯಾಂಕುಗಳ ಜಾಲಕ್ಕೆ ಹೋಗುತ್ತದೆ. ಹಣ ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿದ್ದರೂ ಎಲ್ಲಿ ಉಳಿದಿದೆಯೋ ಅಲ್ಲಿ ಅಷ್ಟನ್ನು ತಡೆಹಿಡಿಯುತ್ತಾರೆ. ಎಟಿಎಂನಿಂದ ನಗದಾಗಿ ಹೊರಬಿದ್ದರೆ ಈ ಬಾಗಿಲು ಮುಚ್ಚಿದ ಹಾಗೆ. ಅದಕ್ಕೇ ಗಂಟೆಗಳ ಲೆಕ್ಕ. ದೂರಿನ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಂಡು ಅದೇ ದಿನ ನಿಮ್ಮ ಬ್ಯಾಂಕ್ ಶಾಖೆಗೂ ಬರಹದಲ್ಲಿ ತಿಳಿಸಿ.

ಇಲ್ಲಿ ಒಂದು ತಪ್ಪು ನಂಬಿಕೆ ಬಹಳ ಹರಡಿದೆ. ಮೂರು ದಿನದೊಳಗೆ ತಿಳಿಸಿದರೆ ಬ್ಯಾಂಕೇ ಪೂರ್ತಿ ಹಣ ತುಂಬಿಕೊಡುತ್ತದೆ ಎನ್ನುತ್ತಾರೆ. 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ಹೇಳುವುದು ನಿಮ್ಮ ಒಪ್ಪಿಗೆಯಿಲ್ಲದೆ ನಡೆದ ವ್ಯವಹಾರಗಳ ಬಗ್ಗೆ. ನೀವೇ ಪಿನ್ ಒತ್ತಿ ನಾಣ್ಯದ ಬೆಲೆ ಕಳಿಸಿದ್ದರೆ ಅದು ಒಪ್ಪಿಗೆಯ ವ್ಯವಹಾರ. ಆ ಸುತ್ತೋಲೆ ಹಿಡಿದು ಬ್ಯಾಂಕಿನೊಡನೆ ವಾದಿಸುವುದು ಸಮಯ ಹಾಳು. ದೂರು ಕೊಟ್ಟ ಮೇಲೂ ಬ್ಯಾಂಕ್ ಕೈಕಟ್ಟಿ ಕುಳಿತಿತು ಎಂದಾದರೆ ಮಾತ್ರ, 30 ದಿನ ಕಾದು ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್ ಬಳಿ ಹೋಗಬಹುದು.

ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟವರ ಸ್ಥಿತಿ ಉತ್ತಮ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿ, ಅಂದರೆ ಕಾರ್ಡ್‌ನಿಂದ ಹೋದ ಹಣ ಮರಳಿಸಿ ಎಂಬ ಅರ್ಜಿ, ಕೊಡಿ. 'ವಸ್ತು ಬಂದಿಲ್ಲ', 'ವಿವರಣೆಗೆ ತಾಳೆಯಿಲ್ಲ', 'ನಕಲಿ' ಎಂಬವು ಬೇರೆ ಬೇರೆ ಕಾರಣಗಳು. ತಪ್ಪು ಕಾರಣ ಹಾಕಿದರೆ ಅರ್ಜಿ ಬಿದ್ದುಹೋಗುತ್ತದೆ. ವಿದೇಶಿ ಮಾರಾಟಗಾರನಿಗೆ ಪೇಪಾಲ್ ಮೂಲಕ ಕೊಟ್ಟಿದ್ದರೆ ಹಣ ಕೊಟ್ಟ ದಿನದಿಂದ 180 ದಿನದೊಳಗೆ ವಿವಾದ ತೆರೆಯಬಹುದು. ಆದರೆ ಶುಲ್ಕ ಉಳಿಸಲು 'ಸ್ನೇಹಿತರು, ಕುಟುಂಬ' ಎಂಬ ಆಯ್ಕೆಯಲ್ಲಿ ಕಳಿಸಿದ್ದರೆ ಆ ರಕ್ಷಣೆ ಸಿಗದು. ಮಾರುವವನೇ ಹಾಗೆ ಕಳಿಸಲು ಒತ್ತಾಯಿಸಿದ್ದರೆ ಆ ಸಂದೇಶ ಅವನ ಉದ್ದೇಶಕ್ಕೆ ಸಾಕ್ಷಿ.

ನಕಲಿ ಎಂಬುದಕ್ಕೆ ಕಾಗದ ಬೇಕು

'ನೋಡಿದರೆ ಗೊತ್ತಾಗುತ್ತದೆ' ಎಂಬುದು ಸಂಗ್ರಾಹಕರ ನಡುವಿನ ಮಾತು. ಠಾಣೆಯಲ್ಲಿ ಅದು ನಡೆಯುವುದಿಲ್ಲ. ಅಳೆದು ತೋರಿಸಬಹುದಾದ ವ್ಯತ್ಯಾಸ ಬೇಕು. ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗೆ ಅದರಲ್ಲಿ ಬೆಳ್ಳಿ 91.7 ಶೇಕಡಾ, 1940ರಿಂದ 50 ಶೇಕಡಾ. 1947ರ ರೂಪಾಯಿ ನಿಕ್ಕಲ್‌ನದು, ಆಯಸ್ಕಾಂತಕ್ಕೆ ಅಂಟುತ್ತದೆ. ಹಾಗಾಗಿ 1947ರ ನಾಣ್ಯ ಆಯಸ್ಕಾಂತಕ್ಕೆ ಅಂಟಿತು ಎಂದು ದೂರು ಕೊಟ್ಟರೆ ನಗೆಪಾಟಲು, 1939ರದ್ದು ಅಂಟಿದರೆ ಪ್ರಕರಣ ಗಟ್ಟಿ. 1939ರ ರೂಪಾಯಿ ಅಪರೂಪ, ಅದಕ್ಕೇ ನಕಲಿಗಳೂ ಹೆಚ್ಚು. ಬ್ರಿಟಿಷ್ ಸಾವರಿನ್ ಚಿನ್ನದ ನಾಣ್ಯವಾದರೆ 7.98 ಗ್ರಾಂ ತೂಕ, 22 ಕ್ಯಾರೆಟ್, ವ್ಯಾಸ ಸುಮಾರು 22 ಮಿಲಿಮೀಟರ್.

0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನಾಣ್ಯವಿಟ್ಟು, ಅಂಕಿ ಕಾಣುವಂತೆ ವಿಡಿಯೊ ಮಾಡಿ. ಲೋಹದ ಶುದ್ಧತೆಗೆ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಲೋಹ ಗುರುತಿಸುವ) ಯಂತ್ರದ ಪರೀಕ್ಷೆ ಮಾಡಿಸಿ ಮುದ್ರಿತ ವರದಿ ಪಡೆಯಿರಿ. ಆ ಯಂತ್ರ ಮೇಲ್ಪದರವನ್ನಷ್ಟೇ ಓದುತ್ತದೆ. ಬೆಳ್ಳಿ ಲೇಪದ ತಾಮ್ರವೂ ಅದರಲ್ಲಿ ಬೆಳ್ಳಿಯಾಗಿ ಕಾಣಬಹುದು, ಆದ್ದರಿಂದ ತೂಕ ಮತ್ತು ವ್ಯಾಸದ ಜೊತೆಗಿಟ್ಟೇ ನೋಡಬೇಕು. ಉಜ್ಜುವುದು, ಕತ್ತರಿಸುವುದು, ಆಮ್ಲ ಹಾಕುವುದು ಬೇಡವೇ ಬೇಡ. ಹಾಗೆ ಮಾಡಿದರೆ 'ನಾನು ಕೊಟ್ಟದ್ದು ಚೆನ್ನಾಗಿತ್ತು, ಇವರೇ ಹಾಳು ಮಾಡಿದರು' ಎಂಬ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಪಿಸಿಜಿಎಸ್, ಎನ್‌ಜಿಸಿ ಮುಂತಾದ, ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಂದಿದ್ದರೆ ಪ್ರಮಾಣಪತ್ರ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲೇ ಹುಡುಕಿ. ಅಸಲಿ ಸಂಖ್ಯೆ ಕದ್ದು ನಕಲಿ ಪೆಟ್ಟಿಗೆಗೆ ಹಾಕುವುದುಂಟು, ಅಲ್ಲಿನ ಫೋಟೊಗೂ ನಿಮ್ಮ ನಾಣ್ಯಕ್ಕೂ ಹೋಲಿಕೆ ಮಾಡಿ. ಪೆಟ್ಟಿಗೆ ಒಡೆಯಬೇಡಿ.

ಕೊನೆಗೆ ವಿಷಯ ಬಲ್ಲ ಒಬ್ಬರಿಂದ ಸಹಿ, ದಿನಾಂಕ, ಫೋಟೊ ಇರುವ ಲಿಖಿತ ಅಭಿಪ್ರಾಯ. ಬಾಯಲ್ಲಿ 'ಇದು ಎರಕದ ನಕಲಿ' ಎನ್ನುವವರು ಹತ್ತು ಮಂದಿ ಸಿಗುತ್ತಾರೆ, ಸಹಿ ಹಾಕುವವರು ಒಬ್ಬರು ಸಿಕ್ಕರೆ ಅದೃಷ್ಟ. ಮುಂದೆ ನ್ಯಾಯಾಲಯಕ್ಕೆ ಬಂದು ಹೇಳಬಲ್ಲಿರಾ ಎಂದು ಮೊದಲೇ ಕೇಳಿಕೊಳ್ಳಿ.

ಸುಳ್ಳೋ, ತಪ್ಪು ತಿಳಿವಳಿಕೆಯೋ

ಯಾವ ಬಾಗಿಲು ತಟ್ಟಬೇಕು ಎಂಬುದನ್ನು ನಿರ್ಧರಿಸುವುದು ಇದೇ. 'ತುಂಬಾ ಅಪರೂಪ, ಮುಂದಿನ ವರ್ಷ ಬೆಲೆ ಎರಡರಷ್ಟಾಗುತ್ತದೆ' ಎಂಬುದು ವ್ಯಾಪಾರದ ಬಡಾಯಿ, ಅದಕ್ಕೆ ಕೋರ್ಟು ಬೆಲೆ ಕೊಡುವುದು ಕಷ್ಟ. '1939ರ ಅಸಲಿ ರೂಪಾಯಿ, ರಿಪೇರಿ ಆಗಿಲ್ಲ' ಎಂಬುದು ವಾಸ್ತವದ ಹೇಳಿಕೆ. ನಿಮ್ಮ ಇಡೀ ಮಾತುಕತೆಯಲ್ಲಿ ಇಂಥ ವಾಕ್ಯಗಳನ್ನಷ್ಟೇ ಹುಡುಕಿ ದಿನಾಂಕ, ಸಮಯ ಸಮೇತ ಪಟ್ಟಿ ಮಾಡಿ. ಹಣ ಕಳಿಸುವ ಮುಂಚೆ ಬಂದ ವಾಕ್ಯಗಳು ಚಿನ್ನ, ಆಮೇಲೆ ಬಂದವು ತಾಮ್ರ.

ಮಾರಿದವನಿಗೆ ನಕಲಿ ಎಂದು ಗೊತ್ತಿದ್ದೇ ಹೇಳಿದ್ದರೆ ಅದು ವಂಚನೆ. 1872ರ ಕರಾರು ಕಾಯಿದೆಯ 17 ಮತ್ತು 19ನೇ ಸೆಕ್ಷನ್ ಪ್ರಕಾರ ಕರಾರನ್ನು ನೀವು ರದ್ದು ಮಾಡಬಹುದು, ಕ್ರಿಮಿನಲ್ ದೂರೂ ಕೊಡಬಹುದು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಅಸಲಿ ಎಂದು ತಾನೂ ನಂಬಿ ಮಾರಿದ್ದರೆ ಅಪರಾಧವಿಲ್ಲ. ಆದರೂ ಹಣ ವಾಪಸ್ ಕೇಳುವ ಹಕ್ಕಿದೆ, ಏಕೆಂದರೆ 1930ರ ಸರಕು ಮಾರಾಟ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ವಿವರಣೆ ಹೇಳಿ ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. ಅಂಗಡಿಯವನಲ್ಲದ ಖಾಸಗಿ ವ್ಯಕ್ತಿಗೂ ಇದು ಅನ್ವಯಿಸುತ್ತದೆ. 'ಒಮ್ಮೆ ಮಾರಿದ್ದು ವಾಪಸ್ ಇಲ್ಲ' ಎಂದು ಬರೆದುಕೊಂಡಿದ್ದರೂ ಅದು ವಂಚನೆಗೆ ರಕ್ಷೆಯಾಗದು.

ನಿಮ್ಮ ಕಡೆಯ ದೌರ್ಬಲ್ಯವನ್ನೂ ನೋಡಿಕೊಳ್ಳಿ. ಮಾರಿದವನು ಅಮಾಯಕನಾಗಿದ್ದು, ನೀವೇ ಭೂತಗನ್ನಡಿ ಹಿಡಿದು ಅರ್ಧ ಗಂಟೆ ಪರೀಕ್ಷಿಸಿ ಕೊಂಡಿದ್ದರೆ, 'ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಿತ್ತು' ಎಂಬ ವಾದ ಎದುರಾಗುತ್ತದೆ.

ತಿರಸ್ಕಾರದ ಪತ್ರ

ದೂರಿನ ಗಲಾಟೆಯಲ್ಲಿ ಜನ ಮರೆಯುವುದು ಇದನ್ನೇ. ವಸ್ತುವನ್ನು ಸುಮ್ಮನೆ ಇಟ್ಟುಕೊಂಡು ತಿಂಗಳುಗಟ್ಟಲೆ ಕಳೆದರೆ ಕಾನೂನು ಅದನ್ನು ಒಪ್ಪಿಗೆ ಎಂದು ತಿಳಿಯುತ್ತದೆ. ತಿಳಿದ ಕೆಲವೇ ದಿನಗಳಲ್ಲಿ ಬರಹದಲ್ಲಿ ತಿರಸ್ಕರಿಸಿ. ವಕೀಲರಿಲ್ಲದೆಯೂ ಬರೆಯಬಹುದು, ಹೀಗೆ:

'ದಿನಾಂಕ ಇಂಥದ್ದರಂದು ವಾಟ್ಸ್‌ಆ್ಯಪ್‌ನಲ್ಲಿ ನೀವು ಈ ನಾಣ್ಯವನ್ನು 1939ರ ಅಸಲಿ ಬೆಳ್ಳಿ ರೂಪಾಯಿ ಎಂದು ತಿಳಿಸಿದಿರಿ. ಅದನ್ನು ನಂಬಿ ಅದೇ ದಿನ ನಿಮ್ಮ ಈ ಯುಪಿಐ ಖಾತೆಗೆ ರೂ. 85,000 ಕಳಿಸಿದೆ, ವ್ಯವಹಾರ ಸಂಖ್ಯೆ ಇಂಥದ್ದು. ಪರೀಕ್ಷೆಯಲ್ಲಿ ಇದರ ತೂಕ 10.42 ಗ್ರಾಂ ಬಂದಿದ್ದು, ನೀವು ಹೇಳಿದ ವಸ್ತು ಇದಲ್ಲ. ಆದ್ದರಿಂದ ನಾಣ್ಯವನ್ನು ತಿರಸ್ಕರಿಸಿ ಕರಾರನ್ನು ರದ್ದುಪಡಿಸುತ್ತಿದ್ದೇನೆ. ಈ ಪತ್ರ ತಲುಪಿದ 15 ದಿನದೊಳಗೆ ಪೂರ್ತಿ ಹಣ ಮರಳಿಸಿ. ಹಣ ಬಂದ ದಿನವೇ ನಾಣ್ಯವನ್ನು ನಿಮ್ಮ ವೆಚ್ಚದಲ್ಲಿ ಮರಳಿಸಲು ಸಿದ್ಧನಿದ್ದೇನೆ. ತಪ್ಪಿದರೆ ಕಾನೂನು ಕ್ರಮ ಕೈಗೊಳ್ಳುತ್ತೇನೆ.'

ಇಷ್ಟೇ ಸಾಕು. ವಿತರಣೆಯ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದರ ಫೋಟೊವನ್ನು ವಾಟ್ಸ್‌ಆ್ಯಪ್‌ಗೂ ಇಮೇಲ್‌ಗೂ ಹಾಕಿ. 'ಜೈಲಿಗೆ ಕಳಿಸ್ತೀನಿ, ಊರಲ್ಲಿ ಮಾನ ಕಳೀತೀನಿ' ಎಂಬ ಮಾತು ಒಂದಕ್ಷರವೂ ಇರಬಾರದು. ಬೆದರಿಸಿ ಹಣ ಕೇಳಿದರೆ ನಿಮ್ಮ ಮೇಲೆಯೇ ಸುಲಿಗೆಯ ದೂರು ಬರಬಹುದು. ಅವನ ಫೋಟೊ ಹಾಕಿ 'ಕಳ್ಳ' ಎಂದು ಗುಂಪುಗಳಲ್ಲಿ ಹರಡಿದರೆ ಮಾನನಷ್ಟದ ದೂರು. ನಾಲ್ಕು ಹುಡುಗರನ್ನು ಕರೆದುಕೊಂಡು ಮನೆಗೆ ಹೋಗುವ ಯೋಚನೆಯಂತೂ ಬೇಡ.

ವಸ್ತುವನ್ನು ಮೊದಲು ವಾಪಸ್ ಕಳಿಸು, ಆಮೇಲೆ ಹಣ ಎಂದು ಕೇಳುತ್ತಾರೆ. ಕಳಿಸಬೇಡಿ. ನಾಣ್ಯವೇ ನಿಮ್ಮ ಮುಖ್ಯ ಸಾಕ್ಷಿ. ಸರಕು ಮಾರಾಟ ಕಾಯಿದೆಯ 43ನೇ ಸೆಕ್ಷನ್ ಪ್ರಕಾರ, ನ್ಯಾಯವಾಗಿ ತಿರಸ್ಕರಿಸಿದ ವಸ್ತುವನ್ನು ಮರಳಿ ತಲುಪಿಸುವ ಹೊಣೆ ಕೊಂಡವನದಲ್ಲ, ತಿರಸ್ಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು.

ಠಾಣೆಯಲ್ಲಿ 'ಇದು ಸಿವಿಲ್ ಮ್ಯಾಟರ್' ಎಂದರೆ

ಎನ್ನುತ್ತಾರೆ. ಎಷ್ಟೋ ಸಲ ಅದು ಸರಿಯೂ ಹೌದು. ವಂಚನೆಯ ಅಪರಾಧವಾಗಲು ಮೋಸದ ಉದ್ದೇಶ ವ್ಯವಹಾರದ ಆರಂಭದಲ್ಲೇ ಇರಬೇಕು. 'ಹಣ ವಾಪಸ್ ಕೊಡುತ್ತಿಲ್ಲ' ಎಂದು ದೂರು ಬರೆದರೆ ಅದು ಬಾಕಿ ವಸೂಲಿಯ ಹಾಗೆ ಓದಿಸಿಕೊಳ್ಳುತ್ತದೆ. 'ಬೇರೆಯವರ ನಾಣ್ಯದ ಫೋಟೊ ತೋರಿಸಿ, ತನ್ನದೆಂದು ನಂಬಿಸಿ, ಬೇರೊಬ್ಬರ ಖಾತೆಗೆ ಹಣ ಹಾಕಿಸಿಕೊಂಡು, ಬಂದ ಮರುಗಳಿಗೆ ನಂಬರ್ ಬ್ಲಾಕ್ ಮಾಡಿದ' ಎಂದು ಬರೆದರೆ ಉದ್ದೇಶ ತಾನಾಗಿ ಕಾಣುತ್ತದೆ. ಅದೇ ಫೋಟೊ ಅಂತರ್ಜಾಲದಲ್ಲಿ ಬೇರೆಲ್ಲಿಂದ ಬಂದದ್ದು ಎಂದು ರಿವರ್ಸ್ ಇಮೇಜ್ ಹುಡುಕಾಟದಲ್ಲಿ ಸಿಕ್ಕರೆ ಅದನ್ನು ಮೊದಲ ಪುಟದಲ್ಲೇ ಲಗತ್ತಿಸಿ.

ವಂಚನೆಗೆ 2024ರ ಜುಲೈ 1ರಿಂದ ಹಳೆ ದಂಡ ಸಂಹಿತೆಯ 420ನೇ ಸೆಕ್ಷನ್ ಹೋಗಿ ಭಾರತೀಯ ನ್ಯಾಯ ಸಂಹಿತೆಯ 318(4) ಬಂದಿದೆ, ಶಿಕ್ಷೆ 7 ವರ್ಷದವರೆಗೆ. ಬೇರೊಬ್ಬರ ಹೆಸರಿನಲ್ಲಿ ಆನ್‌ಲೈನ್ ಮೋಸ ಮಾಡಿದ್ದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕೂಡ ಸೇರುತ್ತದೆ. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಮಾರಿದವನು ಬೇರೆ ರಾಜ್ಯದವನಾದರೆ 'ಅಲ್ಲಿಗೇ ಹೋಗಿ' ಎನ್ನುವಂತಿಲ್ಲ. ಹಳೆ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ವ್ಯಾಪ್ತಿ ಯಾವುದೇ ಇರಲಿ ಮಾಹಿತಿ ದಾಖಲಿಸಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸದಿದ್ದರೆ ಹಿಂಬರಹ ಕೊಡಿ ಎಂದು ಕೇಳಿ. ಬಳಿಕ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಕೆಲಸವಾಗದಿದ್ದರೆ ಅಫಿಡವಿಟ್ ಜೊತೆ ಅದೇ ಸಂಹಿತೆಯ 175(3)ರ ಅಡಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ. ಎಸ್‌ಪಿ ಹಂತ ಬಿಟ್ಟು ನೇರ ಹೋದ ಅರ್ಜಿಗಳು ಸುಮ್ಮನೆ ತಿರಸ್ಕೃತವಾಗುತ್ತವೆ.

ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕು. ಸಂದೇಶ ಬಂದ ಮೂಲ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ.

ಎಫ್‌ಐಆರ್ ಆದ ಮಾತ್ರಕ್ಕೆ ಹಣ ಬರುವುದಿಲ್ಲ. 1930 ಸಹಾಯವಾಣಿಗೆ ಕೊಟ್ಟ ದೂರಿನಿಂದ ತಡೆಹಿಡಿದ ಮೊತ್ತ ಬ್ಯಾಂಕಿನಲ್ಲಿ ಹಾಗೇ ಕುಳಿತಿರುತ್ತದೆ. ಅದನ್ನು ಬಿಡಿಸಿಕೊಳ್ಳಲು ಸಾಮಾನ್ಯವಾಗಿ ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಬೇಕು. ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ನಿಂತಿದೆ ಎಂಬ ವಿವರವನ್ನು ತನಿಖಾಧಿಕಾರಿಯಿಂದ ಪಡೆದು ಅರ್ಜಿಯಲ್ಲಿ ಬರೆಯಿರಿ. ಇದು ತಿಳಿಯದೆ ಕಾಯುತ್ತ ಕುಳಿತವರು ಬಹಳ.

ಗ್ರಾಹಕ ಆಯೋಗವೋ, ಸಿವಿಲ್ ಕೋರ್ಟೋ

ಮಾರಿದವನು ಇದನ್ನೇ ಕಸುಬಾಗಿ ಮಾಡುವವನಾದರೆ, ಅಂದರೆ ವಾರವಾರ ಪೋಸ್ಟ್ ಹಾಕಿ ಮಾರುವವನಾದರೆ, ಜಿಲ್ಲಾ ಗ್ರಾಹಕ ಆಯೋಗ ಅತಿ ಅಗ್ಗದ ದಾರಿ. 5 ಲಕ್ಷದವರೆಗೆ ಶುಲ್ಕವಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಗಡುವು ಎರಡು ವರ್ಷ. ಮೊದಲಲ್ಲಿ ಉಳಿಸಿಟ್ಟ ಅವನ ಬೇರೆ ಜಾಹೀರಾತುಗಳ ಸ್ಕ್ರೀನ್‌ಶಾಟ್ ಬೇಕಾಗುವುದು ಇಲ್ಲಿ. ಮನೆಯಲ್ಲಿದ್ದ ಒಂದು ನಾಣ್ಯ ಮಾರಿದ ವ್ಯಕ್ತಿಯ ಮೇಲೆ ಈ ದೂರು ನಿಲ್ಲುವುದು ಕಷ್ಟ. ಮರುಮಾರಾಟಕ್ಕೆಂದು ನೀವು ಕೊಂಡಿದ್ದರೆ ನೀವೂ ಗ್ರಾಹಕರಲ್ಲ, 'ಲಾಭಕ್ಕೆ ಮಾರೋಣ ಅಂತ ತಗೊಂಡೆ' ಎಂಬ ನಿಮ್ಮದೇ ಸಂದೇಶ ಎದುರಾಳಿಯ ಕೈಗೆ ಸಿಗುತ್ತದೆ.

ಉಳಿದವರಿಗೆ ಸಿವಿಲ್ ದಾವೆ. ಕಾಲಮಿತಿ ಮೂರು ವರ್ಷ, ವಂಚನೆಯಿದ್ದರೆ ಅದು ಗೊತ್ತಾದ ದಿನದಿಂದ ಎಣಿಕೆ. ದಾವೆ ಹೂಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅವನ ಹೆಸರಿನಲ್ಲಿ ಏನಿದೆ? ಸಂಬಳ, ಮನೆ, ವಾಹನ, ಖಾತೆ ಯಾವುದೂ ಇಲ್ಲದವನ ಮೇಲೆ ಸಿಕ್ಕ ಡಿಕ್ರಿ ಬರೀ ಕಾಗದ. ಡಿಕ್ರಿಯ ಅಮಲ್ಜಾರಿಗೆ 12 ವರ್ಷ ಕಾಲಾವಕಾಶವಿದೆ ಎಂಬುದೊಂದು ಸಮಾಧಾನ. ಆಸ್ತಿ ಮಾರಿ ತಪ್ಪಿಸಿಕೊಳ್ಳುವ ಸೂಚನೆ ಇದ್ದರೆ ತೀರ್ಪಿಗೂ ಮುನ್ನ ಜಪ್ತಿ ಕೇಳಬಹುದು, ಆದರೆ ಬರೀ ಅನುಮಾನಕ್ಕೆ ಕೋರ್ಟು ಅದನ್ನು ಕೊಡದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100.

ರಾಜಿಗೆ ಬಂದರೆ

ಎಫ್‌ಐಆರ್ ಆದ ಮೇಲೆ ಸಾಮಾನ್ಯವಾಗಿ ಯಾರಾದರೂ ಮಧ್ಯಸ್ಥಿಕೆಗೆ ಬರುತ್ತಾರೆ. ಬಹಳ ಪ್ರಕರಣಗಳಲ್ಲಿ ಹಣ ಬರುವುದು ಈ ಹಂತದಲ್ಲೇ, ಕೈತಪ್ಪುವುದೂ ಇಲ್ಲೇ. 'ದೂರು ವಾಪಸ್ ತಗೊಳ್ಳಿ, ನಾಳೆ ಕೊಡ್ತೀವಿ' ಎಂದರೆ ಒಪ್ಪಬೇಡಿ. ಹಣ ಖಾತೆಗೆ ಬಿದ್ದ ಮೇಲೆಯೇ ನ್ಯಾಯಾಲಯದ ಅನುಮತಿಯೊಂದಿಗೆ ಪ್ರಕರಣ ರಾಜಿ ಮಾಡಿಕೊಳ್ಳಬಹುದು. 'ಪೂರ್ಣ ಮೊತ್ತ ಸಂದಿದೆ' ಎಂಬ ಸಾಲಿಗೆ ಮೊದಲ ಕಂತಿನ ದಿನ ಸಹಿ ಹಾಕಬೇಡಿ.

ಕಂತಿಗೆ ಒಪ್ಪಿದರೆ ಎರಡು ಕಾಗದ ಪಡೆಯಿರಿ. ಒಂದು, ಇಷ್ಟು ಮೊತ್ತ ಕೊಡಬೇಕಿದೆ ಎಂಬ ಅವನ ಸಹಿ ಇರುವ ಒಪ್ಪಿಗೆ. ಇದರಿಂದ ಮೂರು ವರ್ಷದ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ, ನಿಶ್ಚಿತ ಮೊತ್ತವಾದ್ದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆಗೂ ದಾರಿಯಾಗುತ್ತದೆ. ಎರಡು, ಪ್ರತಿ ಕಂತಿಗೂ ದಿನಾಂಕ ಹಾಕಿದ ಚೆಕ್. ಚೆಕ್ ಬೌನ್ಸ್ ಆದರೆ ಬ್ಯಾಂಕ್ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಅವನಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಸೆಕ್ಷನ್ ದೂರು. ಅದೂ ನಿಮ್ಮ ಬ್ಯಾಂಕ್ ಶಾಖೆ ಇರುವ ಊರಿನ ಕೋರ್ಟಿನಲ್ಲೇ. 30 ದಿನ ಎಂದರೆ 30 ದಿನ. 31ನೇ ದಿನ ಕಳಿಸಿದ ನೋಟಿಸಿಗೆ ಬೆಲೆಯಿಲ್ಲ, ಚೆಕ್‌ನ ಮೂರು ತಿಂಗಳ ಅವಧಿ ಮುಗಿಯದಿದ್ದರೆ ಮತ್ತೆ ಹಾಕಿ ಹೊಸ ಮೆಮೊ ಪಡೆಯಬೇಕಾಗುತ್ತದೆ.

ದೂರು ಕೊಡುವ ಮೊದಲೇ ವಕೀಲರನ್ನು ಕಾಣಬೇಕಾದ ಪ್ರಸಂಗಗಳು

'ಹೊಲ ಅಗೆಯುವಾಗ ಸಿಕ್ಕ ನಿಧಿ, ಅರ್ಧ ಬೆಲೆಗೆ ಚಿನ್ನದ ನಾಣ್ಯ' ಎಂದು ನಂಬಿ ಕೊಂಡವರ ಕಷ್ಟವೇ ಬೇರೆ. 1878ರ ನಿಧಿ ಕಾಯಿದೆ ಪ್ರಕಾರ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಕದ್ದುಮುಚ್ಚಿ ಕೊಳ್ಳಲು ಹೋಗಿದ್ದೆ ಎಂದು ದೂರಿನಲ್ಲೇ ಬರೆದರೆ ನಿಮ್ಮ ಕೈಯೂ ಕೊಳೆಯಾಗುತ್ತದೆ. ನೂರು ವರ್ಷ ಮೀರಿದ ವಿಗ್ರಹ, ಚಿತ್ರಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಇದೆ. ದಂತ ಮತ್ತು ವನ್ಯಜೀವಿ ಭಾಗಗಳ ವ್ಯಾಪಾರವೇ ಅಪರಾಧ. ರದ್ದಾದ ಹಳೆ 500, 1000ದ ನೋಟುಗಳನ್ನು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧ್ಯಯನ ಅಥವಾ ನಾಣ್ಯಸಂಗ್ರಹಕ್ಕಾದರೆ 25. ಇಂಥಲ್ಲಿ ಏನನ್ನು, ಯಾವ ಕ್ರಮದಲ್ಲಿ ಹೇಳಬೇಕು ಎಂಬುದನ್ನು ವಕೀಲರೊಡನೆ ಕೂತು ತೀರ್ಮಾನಿಸಿ. ಸುಳ್ಳು ಹೇಳಿ ದೂರು ಕೊಡುವುದು ಇನ್ನೂ ಕೆಟ್ಟದ್ದು.

ನೀವು ಮಾರುವವರಾಗಿದ್ದು, 'ನಿಮ್ಮ 5 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಜಿಎಸ್‌ಟಿ ಕಟ್ಟಿ, ಆರ್‌ಬಿಐ ಶುಲ್ಕ ಕಟ್ಟಿ' ಎಂದವರಿಗೆ ಹಣ ಕಳಿಸಿದ್ದರೆ ದಾರಿ ಸರಳ: 1930, ಆಮೇಲೆ ಎಫ್‌ಐಆರ್. ಹಳೆ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತಾನಿಲ್ಲ, ಶುಲ್ಕ ಕೇಳುವುದೂ ಇಲ್ಲ ಎಂದು ಆರ್‌ಬಿಐ 2021ರ ಆಗಸ್ಟ್ 4ರಂದೇ ಪ್ರಕಟಣೆ ಕೊಟ್ಟಿದೆ. ಅದರ ಪ್ರತಿಯನ್ನು ದೂರಿಗೆ ಲಗತ್ತಿಸಿ. ಇಂಥವರು ಎರಡು ವಾರ ಬಿಟ್ಟು 'ಸೈಬರ್ ವಿಭಾಗದಿಂದ ಮಾತಾಡ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಹತ್ತು ಸಾವಿರ ಕಟ್ಟಿ' ಎಂದು ಮತ್ತೆ ಕರೆ ಮಾಡುತ್ತಾರೆ. ಪೊಲೀಸರಾಗಲಿ ಕೋರ್ಟಾಗಲಿ ಹಣ ಮರಳಿಸಲು ಯುಪಿಐನಲ್ಲಿ ಶುಲ್ಕ ಕೇಳುವುದಿಲ್ಲ. ಆ ಕರೆ ಬಂದ ನಂಬರನ್ನೂ ಹಳೆಯ ದೂರಿನ ಸಂಖ್ಯೆ ಹಾಕಿ ತನಿಖಾಧಿಕಾರಿಗೆ ಕಳಿಸಿ.